ಸಂತ ಇಗ್ನಾಸಿಯವರ ಕಾಲು, ನಮ್ಮ ಮಕ್ಕಳ ತಟ್ಟೆ



ಜುಲೈ 31ರಂದು ತಾಯಿ ಧರ್ಮಸಭೆ ಲೊಯೋಲದ ಸಂತ ಇಗ್ನಾಸಿಯವರ ಹಬ್ಬವನ್ನು ಆಚರಿಸುತ್ತದೆ. ಈ ಸಂತರ ಕಥೆ ನಮಗೆಲ್ಲ ಬಾಯಿಪಾಠ. ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿತು, ಹಾಸಿಗೆ ಹಿಡಿದರು, ಓದಲು ಸಂತರ ಚರಿತ್ರೆ ಸಿಕ್ಕಿತು, ಮನಪರಿವರ್ತನೆಯಾಯಿತು, ಯೇಸುಸಭೆಯನ್ನು ಸ್ಥಾಪಿಸಿದರು. ಗುರುಮಠದಲ್ಲಿ ನಾನೂ ಹೀಗೇ ಕಲಿತೆ, ಗುರುವಾದ ಮೇಲೆ ಹಲವು ವರ್ಷ ಹೀಗೇ ಪ್ರಬೋಧನೆಯನ್ನೂ ಕೊಟ್ಟೆ. ಆದರೆ ಗುಂಡು ತಗುಲಿದ್ದಕ್ಕೂ ಪುಸ್ತಕ ಕೈಗೆ ಬಂದದ್ದಕ್ಕೂ ನಡುವೆ ಒಂದು ಸಂಗತಿ ನಡೆದಿದೆ. ನಾವು ಅದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಇಗ್ನಾಸಿಯವರು ಮಾತ್ರ ಹಾರಿಸಲಿಲ್ಲ. ಮುದಿವಯಸ್ಸಿನಲ್ಲಿ ತಮ್ಮ ಜೀವನವೃತ್ತಾಂತವನ್ನು ಸಹಗುರುವೊಬ್ಬರಿಗೆ ಹೇಳಿ ಬರೆಸುವಾಗ ಅದನ್ನು ಬಿಚ್ಚಿ ಹೇಳಿದ್ದಾರೆ.

1521ರ ಮೇ 20ರಂದು ಸ್ಪೇನಿನ ಪಂಪ್ಲೋನ ಕೋಟೆಯಲ್ಲಿ ಅವರ ಬಲಗಾಲು ಮುರಿಯಿತು, ಎಡಗಾಲಿಗೂ ಗಾಯವಾಯಿತು. ಆಗ ಅವರಿಗೆ ಮೂವತ್ತರ ಆಸುಪಾಸು. ಗೆದ್ದ ಫ್ರೆಂಚರೇ ಶುಶ್ರೂಷೆ ಮಾಡಿ, ಡೋಲಿಯಲ್ಲಿ ಮಲಗಿಸಿ ಲೊಯೋಲದ ಮನೆಗೆ ಕಳುಹಿಸಿದರು. ಮೂಳೆ ಸರಿಯಾಗಿ ಕೂಡಿಲ್ಲವೆಂದು ವೈದ್ಯರು ಅದನ್ನು ಮತ್ತೆ ಮುರಿದು ಜೋಡಿಸಿದರು. ಜೂನ್ ತಿಂಗಳ ಕೊನೆಗೆ ಸಾವಿನ ಅಂಚಿಗೆ ಹೋಗಿ, ಸಂಸ್ಕಾರಗಳನ್ನು ಪಡೆದು ಬದುಕಿಕೊಂಡರು. ಮೂಳೆಯೂ ಕೂಡಿತು. ಆದರೆ ಮೊಣಕಾಲಿನ ಕೆಳಗೆ ಒಂದು ಮೂಳೆ ಇನ್ನೊಂದರ ಮೇಲೆ ಏರಿ ಗಂಟಿನಂತೆ ಉಬ್ಬಿತ್ತು, ಕಾಲು ಗಿಡ್ಡವಾಗಿತ್ತು. ನಡೆಯಲು ಅಡ್ಡಿಯಿರಲಿಲ್ಲ, ನೋಡಲು ಚೆನ್ನಾಗಿರಲಿಲ್ಲ ಅಷ್ಟೇ. ಅರಮನೆಯಲ್ಲಿ ಓಡಾಡುವ ಯುವಕರು ತೊಡುತ್ತಿದ್ದ ಬಿಗಿಯಾದ ಬೂಟು ಆ ಗಂಟಿನ ಮೇಲೆ ಚೆಂದ ಕಾಣುವಂತಿರಲಿಲ್ಲ.

ಇದನ್ನು ಕತ್ತರಿಸಿ ತೆಗೆಯಬಹುದೇ ಎಂದು ಇಗ್ನಾಸಿ ಕೇಳಿದರು. ತೆಗೆಯಬಹುದು, ಆದರೆ ಇದುವರೆಗೆ ಪಟ್ಟ ನೋವೆಲ್ಲ ಇದರ ಮುಂದೆ ಏನೂ ಅಲ್ಲ ಎಂದರು ವೈದ್ಯರು. ಅರಿವಳಿಕೆ ಇಲ್ಲದ ಕಾಲ ಅದು. ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ರೂಢಿಗೆ ಬಂದದ್ದು 1846ರ ನಂತರ. ಅವರ ಅಣ್ಣನೇ ಹೆದರಿ, ನನ್ನಿಂದಾದರೆ ಇಂಥ ನೋವು ಸಹಿಸಲಾಗದು ಅಂದನಂತೆ. ಇಗ್ನಾಸಿ ಒಪ್ಪಿಕೊಂಡರು. ಮಾಂಸ ಸೀಳಿ ಮೂಳೆಯನ್ನು ಗರಗಸದಿಂದ ಕೊಯ್ದರು. ಕಾಲು ಉದ್ದವಾಗಲೆಂದು ದಿನಗಟ್ಟಲೆ ಮುಲಾಮು ಹಚ್ಚಿ ಸಲಕರಣೆ ಕಟ್ಟಿ ಎಳೆದರು. ಇಷ್ಟಾದರೂ ಅವರು ಕೊನೆಯವರೆಗೂ ಸ್ವಲ್ಪ ಕುಂಟುತ್ತಲೇ ನಡೆದರು. ಚರಿತ್ರೆಯಲ್ಲಿ ಇದನ್ನು ಹೇಳುವಾಗ ಅವರು ಸುತ್ತುಬಳಸುವುದಿಲ್ಲ. ಅದು ತಮ್ಮ ಸ್ವಂತ ಅಭಿರುಚಿಗಾಗಿ ತಾವೇ ತಂದುಕೊಂಡ ಹಿಂಸೆ ಎನ್ನುತ್ತಾರೆ.

ಸಂತರೊಬ್ಬರು ಬೂಟಿನ ಅಂದಕ್ಕಾಗಿ ಮೂಳೆ ಕೊಯ್ಸಿಕೊಂಡರು ಎಂಬುದನ್ನು ಕೇಳಿ ನಿಮಗೆ ನಗು ಬಂದಿರಬಹುದು. ನಮ್ಮ ಧರ್ಮೋಪದೇಶದ ಮಕ್ಕಳಿಗೆ ಹೇಳಿದಾಗ ಅವರು ನಗಲಿಲ್ಲ. ಹತ್ತನೇ ತರಗತಿಯ ಹುಡುಗನೊಬ್ಬ, "ಫಾದರ್, ಅವರ ಕಾಲದಲ್ಲಿ ಫೋಟೋ ತೆಗೆದು ಸರಿ ಮಾಡ್ಕೊಳ್ಳೋ ಆ್ಯಪ್ ಇರ್ಲಿಲ್ಲ ಅಲ್ವಾ" ಅಂದ. ನಿಜ. ಈಗ ಮುಖ ಬೆಳ್ಳಗೆ, ಸೊಂಟ ಸಣ್ಣಗೆ ಮಾಡಿಕೊಳ್ಳಲು ಗರಗಸ ಬೇಕಿಲ್ಲ, ಬೆರಳು ಸಾಕು. ಆದರೆ ಫೋಟೋದಲ್ಲಿ ಸರಿಯಾದ ಮುಖ ಕನ್ನಡಿಯಲ್ಲಿ ಹಾಗೇ ಇರುತ್ತದೆ. ಎರಡನ್ನೂ ದಿನವೂ ನೋಡುವ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ?

ಫಿಜಿ ದ್ವೀಪಗಳ ಒಂದು ಉದಾಹರಣೆ ಹೇಳುತ್ತೇನೆ. ಅಲ್ಲಿ ಮೈತುಂಬಿಕೊಂಡ ಶರೀರವೇ ಚೆಂದವೆಂದು ತಲೆತಲಾಂತರದಿಂದ ನಂಬಿಕೆ. ಯಾರಾದರೂ ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ದೂರದರ್ಶನ ಬಂತು. ಆ್ಯನ್ ಬೆಕರ್ ಎಂಬ ಅಮೆರಿಕದ ಮನೋವೈದ್ಯೆ ಟಿವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಶಾಲಾ ಬಾಲಕಿಯರನ್ನು ವಿಚಾರಿಸಿದರು. ಎರಡನೆಯ ಸಲ ನೂರಕ್ಕೆ 74 ಮಂದಿ ತಾವು ದಪ್ಪಗಿದ್ದೇವೆ ಎಂದುಕೊಳ್ಳುತ್ತಿದ್ದರು. ಮೊದಲ ಸಲ ಯಾರೂ ಮಾಡದಿದ್ದ ಒಂದು ಕೆಲಸವನ್ನು, ಅಂದರೆ ತೂಕ ಇಳಿಸಲೆಂದು ತಿಂದದ್ದನ್ನು ವಾಂತಿ ಮಾಡುವುದನ್ನು, ಎರಡನೆಯ ಸಲಕ್ಕೆ ಕೆಲವರು ಕಲಿತಿದ್ದರು. ನಡುವೆ ಕಳೆದದ್ದು ಮೂರೇ ವರ್ಷ.

ಟಿವಿ, ಮೊಬೈಲು ಎಂದು ಬೆರಳು ತೋರಿಸುವುದು ಸುಲಭ, ಅದು ನಮಗೆ ಅಭ್ಯಾಸವೂ ಆಗಿದೆ. ನಮ್ಮ ವಧೂವರರ ಜಾಹೀರಾತುಗಳನ್ನು ಒಮ್ಮೆ ಓದಿ ನೋಡಿ. ಕಥೋಲಿಕ ಕುಟುಂಬದ, ದೈವಭಕ್ತಿಯುಳ್ಳ ಎಂದು ಆರಂಭವಾಗಿ ಬೆಳ್ಳಗಿನ, ತೆಳ್ಳಗಿನ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದನ್ನು ಯಾವ ಟಿವಿಯೂ ನಮ್ಮಿಂದ ಬರೆಸಿದ್ದಲ್ಲ. ಹಬ್ಬದ ದಿನ ದೇವಾಲಯದಿಂದ ಹೊರಬರುತ್ತಿದ್ದಂತೆಯೇ "ಏನಮ್ಮ ಇಷ್ಟು ದಪ್ಪ ಆಗಿದೀಯ?" "ಯಾಕೋ ಇಷ್ಟು ಬಡಕಲಾದೆ, ಮನೇಲಿ ಊಟ ಹಾಕಲ್ವಾ?" ಎಂದು ಕೇಳುವವರು ನಾವೇ. ಪ್ರೀತಿಯಿಂದಲೇ ಕೇಳುತ್ತೇವೆ. ಕೇಳಿ ನಾವು ಮರೆಯುತ್ತೇವೆ, ಮಗು ಮರೆಯುವುದಿಲ್ಲ.

ಮತ್ತೆ ಇಗ್ನಾಸಿಯವರ ಬಳಿಗೆ ಬರೋಣ. ಮನಪರಿವರ್ತನೆಯಾದ ಮೇಲೆ ಅವರು ಶರೀರವನ್ನು ಒಪ್ಪಿಕೊಂಡರು ಎಂದು ನೀವು ಭಾವಿಸಬಹುದು. ಇಲ್ಲ. 1522ರ ಮಾರ್ಚ್ ತಿಂಗಳಲ್ಲಿ ಮನ್ರೇಸ ಎಂಬ ಊರಿಗೆ ಬಂದ ಅವರು ಅದೇ ಶರೀರವನ್ನು ಇನ್ನೊಂದು ರೀತಿಯಲ್ಲಿ ಗೋಳುಹುಯ್ದುಕೊಂಡರು. ಭಿಕ್ಷೆ ಬೇಡಿ ಉಣ್ಣುವುದು, ಯಾರಾದರೂ ಕೊಟ್ಟರೂ ಮಾಂಸ ಮುಟ್ಟದಿರುವುದು. ಹಿಂದೆ ಕೂದಲನ್ನು ಒಪ್ಪವಾಗಿ ಬಾಚಿಕೊಳ್ಳುವ ಶೋಕಿ ಇತ್ತಲ್ಲ, ಅದಕ್ಕೆ ಶಿಕ್ಷೆಯಾಗಿ ಕೂದಲು ಬಾಚಲಿಲ್ಲ, ಕತ್ತರಿಸಲಿಲ್ಲ, ಉಗುರು ತೆಗೆಯಲಿಲ್ಲ. ಮಾಡಿದ ಪಾಪಗಳನ್ನೆಲ್ಲ ನಿವೇದಿಸಿದರೂ ಇನ್ನೂ ಏನೋ ಉಳಿದಿದೆ ಎಂಬ ಅಂಜಿಕೆ ಅವರನ್ನು ಹಗಲಿರುಳು ಕಾಡಿತು. ಕೋಣೆಯಲ್ಲಿದ್ದ ಕಂಡಿಯಿಂದ ಹಾರಿ ಪ್ರಾಣ ಬಿಡಬೇಕೆಂಬ ಯೋಚನೆಯೂ ಬಂತು. ದೇವರು ಸಮಾಧಾನ ಕೊಡುವ ತನಕ ಉಣ್ಣುವುದಿಲ್ಲ ಎಂದು ಹಟ ಹಿಡಿದು ಒಂದು ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಏನನ್ನೂ ತಿನ್ನಲಿಲ್ಲ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಚೆಂದ ಕಾಣಲು ಶರೀರವನ್ನು ಕೊಯ್ಸಿಕೊಂಡ ಯುವಕ. ಇನ್ನೊಂದರಲ್ಲಿ ಪವಿತ್ರನಾಗಲು ಅದನ್ನು ಒಣಗಿಸುತ್ತಿರುವ ತಪಸ್ವಿ. ಉದ್ದೇಶ ಬೇರೆ, ಹಟ ಒಂದೇ. ಈ ಶರೀರ ಇರುವಂತೆ ಇದ್ದರೆ ಸಾಲದು, ಇದನ್ನು ನಾನು ಗೆಲ್ಲಬೇಕು ಎಂಬ ಹಟ. ಮೊದಲನೆಯದನ್ನು ನಾವು ವ್ಯರ್ಥಾಡಂಬರ ಎಂದು ಗುರುತಿಸುತ್ತೇವೆ. ಎರಡನೆಯದಕ್ಕೆ ಭಕ್ತಿ ಎಂದು ಹೆಸರಿಟ್ಟು ಕೈಮುಗಿಯುತ್ತೇವೆ. ಹಾಗೆ ಕೈಮುಗಿದವರಲ್ಲಿ ನಾನೂ ಒಬ್ಬ. ಆ ಸಂಗತಿಯನ್ನು ಹೇಳಿಯೇ ಮುಂದೆ ಹೋಗಬೇಕು.

ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳಿದ್ದಳು. (ಅವಳ ಮತ್ತು ಅವಳ ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.) ಗಾಯನವೃಂದದಲ್ಲಿ ಹಾಡುತ್ತಿದ್ದಳು, ಓದಿನಲ್ಲೂ ಮುಂದು. ವಿಭೂತಿ ಬುಧವಾರದಂದು ಬಂದು, "ಫಾದರ್, ಈ ತಪಸ್ಸುಕಾಲ ಪೂರ್ತಿ ಒಪ್ಪತ್ತು ಮಾಡ್ತೀನಿ" ಅಂದಳು. ನನಗೆ ಬಹಳ ಸಂತೋಷವಾಯಿತು. ಮರುವಾರ ಧರ್ಮೋಪದೇಶದ ತರಗತಿಯಲ್ಲಿ ಎಲ್ಲರ ಮುಂದೆ ಹೊಗಳಿದೆ. ಸಾಲದೆಂಬಂತೆ ಭಾನುವಾರದ ಪ್ರಬೋಧನೆಯಲ್ಲೂ ಹೆಸರು ಹೇಳದೆ ಅವಳ ಮಾದರಿ ಕೊಟ್ಟೆ. ಹೆಸರು ಹೇಳದಿದ್ದರೇನು, ಊರಿಗೆಲ್ಲ ಗೊತ್ತಾಯಿತು. ದಿನವೂ ಬೆಳಗಿನ ಬಲಿಪೂಜೆಗೆ ಬರುತ್ತಿದ್ದಳು. ಹಿಂದಿನ ರಾತ್ರಿಯಿಂದ ಏನೂ ತಿಂದಿರುತ್ತಿರಲಿಲ್ಲ. ಅಜ್ಜಿಗೆ ಹೆಮ್ಮೆ: "ನಮ್ಮ ಕಾಲ್ದಲ್ಲಿ ಹಿಂಗೇ ಸ್ವಾಮಿ, ಪ್ರಸಾದ ತಗೊಳ್ಳೋವರ್ಗೂ ನೀರೂ ಮುಟ್ತಿರ್ಲಿಲ್ಲ." ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಬರುವುದನ್ನು ನಾನು ನೋಡಿದ್ದೆ. ಶಿಲುಬೆಹಾದಿಯಲ್ಲಿ ಪುಸ್ತಕ ಹಿಡಿದ ಅವಳ ಬೆರಳಿನ ತುದಿ ನೀಲಿಗಟ್ಟಿದ್ದನ್ನೂ ನೋಡಿದ್ದೆ. ನೋಡಿಯೂ ಏನೂ ಯೋಚಿಸಲಿಲ್ಲ.

ಪಾಸ್ಖ ಹಬ್ಬ ಬಂತು. ಒಪ್ಪತ್ತು ಮುಗಿಯಲಿಲ್ಲ.

ಮೇ ತಿಂಗಳಲ್ಲಿ ಮನೆಯ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ನಾಡಿ ತೀರಾ ನಿಧಾನ. ಮುಟ್ಟು ನಿಂತು ಎಷ್ಟು ತಿಂಗಳಾಯಿತು ಎಂದು ವೈದ್ಯೆ ಕೇಳಿದಾಗ ತಾಯಿಯ ಬಳಿ ಉತ್ತರವಿರಲಿಲ್ಲ. ಇಷ್ಟು ಉಪವಾಸ ಮಾಡಲು ಯಾರು ಹೇಳಿದರು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿತ್ತು. ಮರುದಿನ ನಾನು ಹೋದಾಗ ತಾಯಿ ಪಕ್ಕದಲ್ಲೇ ಇದ್ದರು. ಹುಡುಗಿ ಮೆಲ್ಲಗೆ, "ಫಾದರ್, ತಿಂದ್ರೆ ಪಾಪ ಮಾಡಿದ ಹಾಗೆ ಅನ್ಸತ್ತೆ" ಅಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಶುರುವಾದದ್ದು ಉಪವಾಸದಿಂದಲ್ಲ ಎಂಬುದು ಆಮೇಲೆ ತಿಳಿಯಿತು. ಡಿಸೆಂಬರಿನಲ್ಲಿ ನೆಂಟರ ಮದುವೆಗೆ ರವಿಕೆ ಹೊಲಿಸುವಾಗ ಚಿಕ್ಕಮ್ಮನೊಬ್ಬರು ತೋಳಿನ ದಪ್ಪದ ಬಗ್ಗೆ ತಮಾಷೆ ಮಾಡಿದ್ದರಂತೆ. ಆಗಿನಿಂದಲೇ ತಟ್ಟೆ ಚಿಕ್ಕದಾಗುತ್ತಾ ಬಂದಿತ್ತು. ತಪಸ್ಸುಕಾಲ ಬಂದಾಗ ಅದಕ್ಕೊಂದು ಪವಿತ್ರವಾದ ಹೊದಿಕೆ ಸಿಕ್ಕಿತು. ಹೊದಿಸಿದವನು ನಾನು.

ಗುರುಮಠದಲ್ಲಿ ಧರ್ಮಸಭೆಯ ಕಾನೂನನ್ನು ಓದಿದವನಿಗೆ ಇದು ನೆನಪಾಗಬೇಕಿತ್ತು. ಉಪವಾಸದ ಕಟ್ಟಳೆ ಅನ್ವಯಿಸುವುದು ಹದಿನೆಂಟು ತುಂಬಿದವರಿಗೆ, ಅದೂ ಅರವತ್ತನೆಯ ವರ್ಷ ಆರಂಭವಾಗುವವರೆಗೆ. ಕಡ್ಡಾಯ ಉಪವಾಸದ ದಿನಗಳು ವರ್ಷಕ್ಕೆ ಎರಡೇ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಪೂರ್ಣ ಊಟ, ಜೊತೆಗೆ ಎರಡು ಸಲ ಅಲ್ಪ ಆಹಾರ ತೆಗೆದುಕೊಳ್ಳಬಹುದು. ಹದಿನಾಲ್ಕು ತುಂಬಿದವರಿಗೆ ಇರುವುದು ಮಾಂಸ ವರ್ಜನೆಯ ನಿಯಮ ಮಾತ್ರ. ಪರಮಪ್ರಸಾದಕ್ಕೆ ಮುಂಚಿನ ಉಪವಾಸವೂ 1964ರಿಂದ ಒಂದು ಗಂಟೆಗೆ ಇಳಿದಿದೆ, ನೀರಿಗೂ ಔಷಧಿಗೂ ತಡೆಯಿಲ್ಲ. ರೋಗಿಗಳಿಗೂ ವೃದ್ಧರಿಗೂ ಆ ಒಂದು ಗಂಟೆಯೂ ಇಲ್ಲ. ಧರ್ಮಸಭೆಗೆ ಮಕ್ಕಳ ಶರೀರದ ಮೇಲಿದ್ದ ಕಾಳಜಿ ಧರ್ಮಕೇಂದ್ರದ ಗುರುವಾದ ನನಗೆ ಆ ವರ್ಷ ಇರಲಿಲ್ಲ.

ಆ ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ಇದು ಹಟವಲ್ಲ, ಶೋಕಿಯಲ್ಲ, ಶ್ರೀಮಂತರ ಮಕ್ಕಳಿಗೆ ಮಾತ್ರ ಬರುವ ರೋಗವೂ ಅಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣಾಪಾಯ ಇರುವಂಥವುಗಳಲ್ಲಿ ಇದೂ ಒಂದು. ಚಿಕ್ಕಮ್ಮನ ಒಂದು ಮಾತಿನಿಂದಲೋ ಗುರುವಿನ ಒಂದು ಪ್ರಬೋಧನೆಯಿಂದಲೋ ಇದು ಬರುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ವಂಶಪಾರಂಪರ್ಯ, ಸ್ವಭಾವ, ಸುತ್ತಲಿನ ಒತ್ತಡ ಎಲ್ಲವೂ ಸೇರುತ್ತವೆ. ತಾಯಂದಿರು ತಮ್ಮನ್ನು ತಾವೇ ಶಪಿಸಿಕೊಳ್ಳುವುದು ಬೇಡವೆಂದು ಇದನ್ನು ಹೇಳುತ್ತಿದ್ದೇನೆ. ನನ್ನ ತಪ್ಪು ಇದರಿಂದ ಕಡಿಮೆಯಾಗುವುದಿಲ್ಲ.

ಹಸಿವು ಹೊಟ್ಟೆಯನ್ನು ಮಾತ್ರವಲ್ಲ, ಮನಸ್ಸನ್ನೂ ಕೆಡಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುರೋಪಿನಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯುವುದು ಅದರ ಉದ್ದೇಶ. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ತೂಕ ಸುಮಾರು ಕಾಲುಭಾಗ ಇಳಿಯಿತು. ಗಟ್ಟಿ ಮನಸ್ಸಿನ ಆ ಯುವಕರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರವಾದರು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದರು. ದಿನವಿಡೀ ಊಟದ್ದೇ ಮಾತು, ಊಟದ್ದೇ ಕನಸು. ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದಿದವರೂ ಇದ್ದರು. ಊಟ ಬಿಟ್ಟ ಮಗಳು ಮನೆಯವರಿಗೆಲ್ಲ ಕೇಕು ಮಾಡಿ ಬಡಿಸುತ್ತಾಳೆ, ತಾನು ಮಾತ್ರ ಮುಟ್ಟುವುದಿಲ್ಲ. ಇದನ್ನು ಕಂಡ ತಾಯಿಗೆ ಏನೂ ಅರ್ಥವಾಗುವುದಿಲ್ಲ. ಮಿನೆಸೋಟದ ಯುವಕರನ್ನು ನೆನೆದರೆ ಸ್ವಲ್ಪ ಅರ್ಥವಾಗಬಹುದು. ಹಸಿದ ಮೆದುಳಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ, ಮೊದಲು ಅದಕ್ಕೆ ಆಹಾರ ಬೇಕು. ಆದರೆ ಬಹಳ ದಿನ ಹಸಿದವರಿಗೆ ಒಮ್ಮೆಲೇ ಹೆಚ್ಚು ತಿನ್ನಿಸುವುದೂ ಅಪಾಯ, ಹೃದಯಕ್ಕೆ ಪೆಟ್ಟಾಗಬಹುದು. ಆದ್ದರಿಂದ ವೈದ್ಯರ ಉಸ್ತುವಾರಿಯಲ್ಲೇ ನಡೆಯಬೇಕು.

ಪ್ರವಾದಿ ಎಲೀಯನ ಕಥೆ ನೆನಪಿದೆಯೇ? ಅರಣ್ಯದಲ್ಲಿ ಪೊದೆಯೊಂದರ ಕೆಳಗೆ ಕುಳಿತು ಸಾವನ್ನು ಬೇಡಿದ ಎಲೀಯನ ಬಳಿಗೆ ದೂತ ಬಂದ. ಉಪದೇಶ ಮಾಡಲಿಲ್ಲ, ಅವಿಶ್ವಾಸಿ ಎಂದು ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು ಇಟ್ಟು ಎಬ್ಬಿಸಿ ತಿನ್ನಲು ಹೇಳಿದ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದ. ದೇವರು ಅವನೊಡನೆ ಮಾತನಾಡಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಬೆಟ್ಟದಲ್ಲಿ.

ಮನ್ರೇಸದಲ್ಲಿ ಇಗ್ನಾಸಿಯವರಿಗೂ ಇಂಥ ದೂತನೊಬ್ಬ ಸಿಕ್ಕಿದ. ಅವರ ಪಾಪನಿವೇದನೆ ಕೇಳುತ್ತಿದ್ದ ಗುರು. ಒಂದು ವಾರ ಉಪವಾಸ ಮಾಡಿದ್ದನ್ನು ಇಗ್ನಾಸಿ ಹೇಳಿದಾಗ, ಅವರು ನನ್ನಂತೆ ಹೊಗಳಲಿಲ್ಲ. ಕೂಡಲೇ ನಿಲ್ಲಿಸು ಎಂದು ಆಜ್ಞಾಪಿಸಿದರು. ಮೈಯಲ್ಲಿ ಇನ್ನೂ ಶಕ್ತಿ ಇದ್ದರೂ ಇಗ್ನಾಸಿ ವಿಧೇಯರಾಗಿ ಊಟ ಮಾಡಿದರು. ಆ ಗುರುವಿನ ಹೆಸರನ್ನು ಎಷ್ಟು ಜನ ಬಲ್ಲರು? ಆದರೆ ಅವರು ಅಂದು ಗದರದಿದ್ದರೆ ಯೇಸುಸಭೆಯೂ ಇರುತ್ತಿರಲಿಲ್ಲವೋ ಏನೋ. ಸ್ವಲ್ಪ ಕಾಲದ ನಂತರ ನಡೆದ ಇನ್ನೊಂದು ಘಟನೆ ನನಗೆ ಬಹಳ ಇಷ್ಟ. ಒಂದು ಬೆಳಿಗ್ಗೆ ಎದ್ದಾಗ ಬೇಯಿಸಿ ಸಿದ್ಧಮಾಡಿದ ಮಾಂಸ ಅವರ ಕಣ್ಣೆದುರು ಇದ್ದಂತೆ ಕಂಡಿತು. ಅದಕ್ಕೆ ಮೊದಲು ಮಾಂಸದ ಆಸೆಯೇ ಇರಲಿಲ್ಲ. ಇನ್ನು ಮೇಲೆ ತಿನ್ನಬೇಕೆಂದು ಮನಸ್ಸು ಪೂರ್ಣವಾಗಿ ಒಪ್ಪಿತು. ಇದು ಶೋಧನೆಯೋ ಏನೋ ಪರೀಕ್ಷಿಸಿ ನೋಡು ಎಂದರು ಗುರುಗಳು. ಎಷ್ಟು ಪರೀಕ್ಷಿಸಿದರೂ ಇಗ್ನಾಸಿಯವರಿಗೆ ಅನುಮಾನ ಬರಲಿಲ್ಲ. ಉಗುರನ್ನೂ ಕೂದಲನ್ನೂ ಕತ್ತರಿಸಿಕೊಂಡರು. ದರ್ಶನಗಳಲ್ಲಿ ಬೆಳಕು, ದೂತರು, ಮಾತೆ ಮರಿಯಮ್ಮನವರು ಕಾಣಿಸುವುದನ್ನು ನಾವು ಕೇಳಿದ್ದೇವೆ. ದೇವರು ಒಬ್ಬ ಸಂತನಿಗೆ ಊಟದ ತಟ್ಟೆಯನ್ನು ತೋರಿಸಿದರು!

ಆದರೆ ಆ ದಿನಗಳ ಪೆಟ್ಟು ಉಳಿದುಕೊಂಡಿತು. ಜೀವನವಿಡೀ ಹೊಟ್ಟೆನೋವು ಅವರನ್ನು ಕಾಡಿತು. 1556ರ ಜುಲೈ 31ರಂದು ಅವರು ತೀರಿಕೊಂಡ ಮೇಲೆ ಅಂದಿನ ಪ್ರಸಿದ್ಧ ಅಂಗರಚನಾ ತಜ್ಞ ರಿಯಾಲ್ಡೊ ಕೊಲಂಬೊ ಶವವನ್ನು ಪರೀಕ್ಷಿಸಿದಾಗ ಒಳಗೆ ಹಲವಾರು ಕಲ್ಲುಗಳು ಸಿಕ್ಕವು. ಹಾಗಾಗಿ ನೋವಿಗೆಲ್ಲ ಉಪವಾಸವೇ ಕಾರಣವೆನ್ನಲಾಗದು. ಆದರೂ ಬೇರೆಯವರು ತಮ್ಮ ಹಾದಿ ಹಿಡಿಯಬಾರದೆಂದು ಇಗ್ನಾಸಿ ಬಹಳ ಎಚ್ಚರ ವಹಿಸಿದರು. 1548ರ ಸೆಪ್ಟೆಂಬರ್ 20ರಂದು ಗಾಂದಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯ ಅವರಿಗೆ ಬರೆದ ಪತ್ರವೇ ಅದಕ್ಕೆ ಸಾಕ್ಷಿ. ಬೋರ್ಜಿಯ ಮೊದಲು ಬಹಳ ಸ್ಥೂಲಕಾಯರಾಗಿದ್ದವರು, ಪತ್ನಿ ತೀರಿಕೊಂಡ ಮೇಲೆ ದೇವಸೇವೆಗೆ ಮನಸ್ಸು ಕೊಟ್ಟು ಕಠಿಣ ಉಪವಾಸಗಳಿಂದ ಸೊರಗಿಹೋಗಿದ್ದರು. ಪ್ರಾರ್ಥನೆ ಮತ್ತು ದಂಡನೆಗಳ ಸಮಯವನ್ನು ಅರ್ಧಕ್ಕೆ ಇಳಿಸಿ, ಹೊಟ್ಟೆ ತಾಳುವಷ್ಟು ಚೆನ್ನಾಗಿ ಊಟ ಮಾಡಿ ಎಂದು ಇಗ್ನಾಸಿ ಅವರಿಗೆ ಬರೆಯುತ್ತಾರೆ. ಆತ್ಮ ಮಾತ್ರವಲ್ಲ, ಶರೀರವೂ ಸೃಷ್ಟಿಕರ್ತರದ್ದೇ, ಎರಡಕ್ಕೂ ಲೆಕ್ಕ ಒಪ್ಪಿಸಬೇಕು, ಶರೀರ ಬಲಗುಂದಿದರೆ ಒಳಗಿನ ಮನುಷ್ಯನೂ ಕೆಲಸ ಮಾಡಲಾರ ಎಂಬುದು ಅವರ ವಾದದ ಸಾರ. ಬೂಟಿಗಾಗಿ ಮೂಳೆ ಕೊಯ್ಸಿಕೊಂಡವರೇ ಇದನ್ನು ಬರೆದರು ಎಂಬುದನ್ನು ಮರೆಯಬೇಡಿ.

ಅವರ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಊಟದ ಬಗ್ಗೆಯೇ ಎಂಟು ಸೂಚನೆಗಳಿವೆ. ಹಿತಮಿತವಾಗಿರಿ, ಗಬಗಬ ತಿನ್ನಬೇಡಿ, ಶಿಷ್ಯರೊಂದಿಗೆ ಕ್ರಿಸ್ತರು ಕುಳಿತು ಊಟ ಮಾಡುವುದನ್ನು ಮನಸ್ಸಿನಲ್ಲಿ ಕಂಡುಕೊಳ್ಳುತ್ತಾ ಉಣ್ಣಿ, ಕಡಿಮೆ ಮಾಡಿ ಶಕ್ತಿ ಕುಂದಿದರೆ ಅಗತ್ಯವಿದ್ದಷ್ಟಕ್ಕೆ ಮರಳಿ ಬನ್ನಿ ಎನ್ನುತ್ತಾರೆ. ಆಹಾರದ ಪ್ರಮಾಣ ನಿಗದಿ ಮಾಡುವ ಸೂಚನೆಗಳೂ ಅಲ್ಲಿವೆ. ಈ ಕಾಯಿಲೆಯಿರುವ ಮಕ್ಕಳ ಕೈಗೆ ಅವನ್ನು ಕೊಡಬೇಡಿ, ಲೆಕ್ಕ ಹಾಕುವುದೇ ಅವರ ರೋಗ. ನನಗೆ ಹಿಡಿಸಿದ್ದು ಶಿಷ್ಯರೊಂದಿಗೆ ಕುಳಿತ ಕ್ರಿಸ್ತರ ಮಾತು. ಯೇಸುಸ್ವಾಮಿ ಎಷ್ಟು ಮನೆಗಳಲ್ಲಿ ಊಟಕ್ಕೆ ಕುಳಿತರೆಂದರೆ, ಆಗದವರು ಅವರನ್ನು ಹೊಟ್ಟೆಬಾಕನೆಂದು ಆಡಿಕೊಂಡರು. ಕೊನೆಗೆ ತಮ್ಮನ್ನು ನಮಗೆ ಬಿಟ್ಟುಹೋದದ್ದೂ ಊಟದ ರೂಪದಲ್ಲಿ, ತಮ್ಮ ಶರೀರವನ್ನೇ ಕೊಟ್ಟು. ಭಾನುವಾರ ಪರಮಪ್ರಸಾದಕ್ಕೆ ಸಾಲುನಿಂತವರಲ್ಲಿ ದಪ್ಪಗಿರುವವರು, ತೆಳ್ಳಗಿರುವವರು, ಕುಂಟುವವರು, ಗಾಲಿಕುರ್ಚಿಯವರು ಎಲ್ಲರೂ ಇರುತ್ತಾರೆ. ಯಾರಿಗೂ ಅಳೆದು ಕೊಡುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮನೆಗಳಲ್ಲಿ ಕೆಡುವುದು ಊಟಕ್ಕಿಂತ ಮಾತು. ತಟ್ಟೆಯ ಮುಂದೆ ಕುಳಿತ ಮಗುವಿನ ಮೈಯ ಬಗ್ಗೆ ಮಾತು ಬೇಡ, ಹೊಗಳಿಕೆಯೂ ಬೇಡ. "ಸಣ್ಣಗಾಗಿದೀಯ, ಈಗ ಚೆನ್ನಾಗಿದೀಯ" ಎಂಬ ಮಾತು ಕಾಯಿಲೆಗೆ ಗೊಬ್ಬರವಾಗುತ್ತದೆ. ಅಕ್ಕತಂಗಿಯರನ್ನು ಬಣ್ಣದಲ್ಲಿ, ಗಾತ್ರದಲ್ಲಿ ಹೋಲಿಸಬೇಡಿ. ಅಮ್ಮ ಕನ್ನಡಿಯ ಮುಂದೆ ನಿಂತು ತನ್ನನ್ನೇ ಬೈದುಕೊಳ್ಳುವುದನ್ನು ಮಗಳು ಕೇಳಿಸಿಕೊಳ್ಳುತ್ತಾಳೆ ಎಂಬುದೂ ನೆನಪಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ವೈದ್ಯರು ತೂಕ ಇಳಿಸಲು ಹೇಳಿದರೆ ಇಳಿಸಲೇಬೇಕು, ಅದು ಬೇರೆ ವಿಷಯ. ದಪ್ಪಗಿರುವ ಮಗುವನ್ನು ಹಂಗಿಸಿದರೆ ಮಾತ್ರ ತೂಕ ಇಳಿಯುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತದೆ. ಗಂಡುಮಕ್ಕಳನ್ನೂ ಮರೆಯಬೇಡಿ. ಜಿಮ್ಮಿಗೆ ಹೋಗುವುದು ತಪ್ಪಲ್ಲ, ಆದರೆ ಅಮ್ಮ ಮಾಡಿದ ಮುದ್ದೆ ಸಾರು ಬಿಟ್ಟು ಡಬ್ಬದ ಪುಡಿಯಲ್ಲೇ ದಿನ ಕಳೆಯುವ ಹುಡುಗನೂ ಆ ಗರಗಸದ ಕೆಳಗೇ ಮಲಗಿದ್ದಾನೆ.

ಊಟದ ಹೊತ್ತಿಗೆ ಏನಾದರೂ ನೆಪ ಹೇಳುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ದೊಗಲೆ ಬಟ್ಟೆ, ಸದಾ ಚಳಿ, ಕೂದಲುದುರುವುದು, ಮುಟ್ಟು ನಿಲ್ಲುವುದು ಕಂಡರೆ ನವೇನ ಪ್ರಾರ್ಥನೆ ಮುಗಿಯಲಿ ಎಂದು ಕಾಯಬೇಡಿ. ಪ್ರಾರ್ಥನೆ ಮಾಡಿ, ಅದೇ ದಿನ ವೈದ್ಯರ ಬಳಿಗೂ ಹೋಗಿ. ಮನೋವೈದ್ಯರೆಂದರೆ ನಾಚಿಕೆ ಬೇಡ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೆ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಇನ್ನು ನಮ್ಮ ಗುರುಗಳಿಗೂ ಕನ್ಯಾಮಠದ ಸೋದರಿಯರಿಗೂ ಒಂದು ವಿನಂತಿ. ಮುಂದಿನ ತಪಸ್ಸುಕಾಲದಲ್ಲಿ ಮಗುವೊಂದು ಬಂದು ನಲವತ್ತು ದಿನ ಉಪವಾಸ ಮಾಡುತ್ತೇನೆ ಎಂದರೆ, ಮೊದಲು ಬೆಳಿಗ್ಗೆ ಏನು ತಿಂದೆ ಎಂದು ಕೇಳಿ.

ಯಾಯೀರನ ಮಗಳ ಕಥೆಯನ್ನು ಆ ವರ್ಷದಿಂದ ನಾನು ಬೇರೆ ರೀತಿ ಓದುತ್ತೇನೆ. ಹನ್ನೆರಡು ವರ್ಷದ ಹುಡುಗಿ. ಯೇಸು ಕೈಹಿಡಿದು ಎಬ್ಬಿಸಿದರು, ಅವಳು ನಡೆದಾಡಿದಳು, ಎಲ್ಲರೂ ಬೆರಗಾಗಿ ನಿಂತರು. ಆ ಬೆರಗಿನಲ್ಲಿ ಮಗುವಿಗೆ ಹಸಿವಾಗಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಸಂತ ಮಾರ್ಕರು ಆ ಪ್ರಸಂಗವನ್ನು ಮುಗಿಸುವುದು, ಅವಳಿಗೆ ತಿನ್ನಲು ಏನಾದರೂ ಕೊಡುವಂತೆ ಯೇಸು ಹೇಳಿದರು ಎಂಬಲ್ಲಿಗೆ.

ನಮ್ಮ ಹುಡುಗಿಗೆ ಗುಣವಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ನಡುವೆ ಒಮ್ಮೆ ಮತ್ತೆ ಆಸ್ಪತ್ರೆ ಸೇರಿದಳು. ಚಿಕ್ಕಮ್ಮ ಬಂದು ಅತ್ತರು. ಅಪ್ಪ ದಿನಕ್ಕೆ ಮೂರು ಹೊತ್ತು ಪಕ್ಕದಲ್ಲಿ ಕುಳಿತು, ಕ್ರಿಕೆಟ್ಟೋ ಸಿನಿಮಾವೋ ಏನಾದರೂ ಮಾತಾಡುತ್ತಾ ಜೊತೆಗೆ ಉಂಡರು. ನಾನು ಅದೇ ಧರ್ಮೋಪದೇಶದ ಮಕ್ಕಳ ಮುಂದೆ ನಿಂತು, ಅಂದು ಹೊಗಳಿದ್ದು ನನ್ನ ತಪ್ಪು ಎಂದು ಹೇಳಿದೆ. ಅವಳು ಈಗ ಕಾಲೇಜಿನಲ್ಲಿದ್ದಾಳೆ. ಕಳೆದ ಪಾಸ್ಖ ಹಬ್ಬಕ್ಕೆ ಆ ಧರ್ಮಕೇಂದ್ರದವರು ನನ್ನನ್ನು ಕರೆದಿದ್ದರು. ಬಲಿಪೂಜೆಯ ನಂತರ ಸಭಾಂಗಣದಲ್ಲಿ ಎಲ್ಲರಿಗೂ ಇಡ್ಲಿ ವಡೆ. ಅವಳೇ ನಿಂತು ಬಡಿಸಿದಳು, ಕೊನೆಯ ಪಂಕ್ತಿಯಲ್ಲಿ ಗೆಳತಿಯರ ಜೊತೆ ತಾನೂ ಕುಳಿತಳು. ವಡೆಯನ್ನು ಮುರಿದು ಅರ್ಧ ಪಕ್ಕದವಳ ಎಲೆಗೆ ಹಾಕಿದ್ದು ಕಣ್ಣಿಗೆ ಬಿತ್ತು. ಉಳಿದರ್ಧ ಏನಾಯಿತೋ ನಾನು ನೋಡಲಿಲ್ಲ. ತಟ್ಟೆಯನ್ನು ದಿಟ್ಟಿಸಬೇಡಿ ಎಂದು ಆ ವೈದ್ಯೆ ನಮಗೆಲ್ಲ ಹೇಳಿದ್ದರು. ಕಾಫಿ ತರುತ್ತೇನೆ ಎಂದು ಎದ್ದು ಹೋದೆ.